ಕೊಂಡಿಯೂ ಕಾನೂನೂ

2024ರ ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವು ತುಂಬಿ ನಿಂತಿದ್ದ ಹೊತ್ತಿನಲ್ಲಿ, ಅದರ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು, 60 ಅಡಿ ಅಗಲದ ಉಕ್ಕಿನ ಬಾಗಿಲೊಂದು ಹೊಳೆಯ ಪಾಲಾಯಿತು. ಸುರ್ಕಿ ಗಾರೆಯ ಕಲ್ಲುಗೋಡೆ ಅಲುಗಿರಲಿಲ್ಲ. ಏಳು ದಶಕಗಳ ಕಾಲ ನೆನೆದು ಒಣಗಿದ ಕೊಂಡಿಯೊಂದು ಮಾತ್ರ ಸೋತಿತ್ತು. ಒತ್ತಡವನ್ನು ತಗ್ಗಿಸುವ ಸಲುವಾಗಿ ಉಳಿದ ಗೇಟುಗಳನ್ನೂ ಎತ್ತಿ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಅಚ್ಚುಕಟ್ಟಿಗೆಂದು ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ಹೋದೆಡೆ ಇಳಿಸತಕ್ಕ ಸ್ಟಾಪ್ ಲಾಗ್ ಹಲಗೆಗಳು ಸಿದ್ಧವಿರಲಿಲ್ಲವಾದ್ದರಿಂದ, ಅವನ್ನು ಆಸುಪಾಸಿನ ಕಾರ್ಖಾನೆಗಳಲ್ಲಿ ಹಗಲಿರುಳು ತಯಾರಿಸಿ, ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಒಂದೊಂದಾಗಿ ಇಳಿಸಿದರು. ಅದು ನಿಸ್ಸಂಶಯವಾಗಿ ಸಾಹಸ. ಆದರೆ ಅಂಥ ಸಾಹಸಕ್ಕೆ ಎಡೆಗೊಟ್ಟ ಉದಾಸೀನವನ್ನು ಆ ಪ್ರಶಂಸೆಯ ಗದ್ದಲದಲ್ಲಿ ನಾವು ಮರೆತೆವು. ವರುಣನ ಕೃಪೆಯಿಂದ ಕೆಲವೇ ವಾರಗಳಲ್ಲಿ ಜಲಾಶಯ ಮತ್ತೆ ತುಂಬಿದ್ದೂ ಈ ಮರೆವಿಗೆ ಒದಗಿ ಬಂದಿತು.

ಈ ಘಟನೆ ಸಂಭವಿಸುವ ವೇಳೆಗೆ ಅಣೆಕಟ್ಟು ಸುರಕ್ಷತಾ ಕಾಯಿದೆಯು ಜಾರಿಗೆ ಬಂದು ಎರಡೂವರೆ ವರ್ಷ ಮೀರಿತ್ತೆಂಬುದು ವಿಚಾರಾರ್ಹ. 1979ರ ಆಗಸ್ಟಿನಲ್ಲಿ ಗುಜರಾತಿನ ಮಚ್ಛು ಅಣೆಕಟ್ಟು ಒಡೆದು ಮೋರ್ವಿ ಪಟ್ಟಣವೇ ಕೊಚ್ಚಿಹೋದ ಮೇಲೆಯೂ ದೇಶವು ಇಂಥದೊಂದು ಶಾಸನಕ್ಕಾಗಿ ನಾಲ್ಕು ದಶಕ ಕಾಯಿತು. 2021ರಲ್ಲಿ ಅದು ಬಂದಾಗಲೂ, ಜಲವು ರಾಜ್ಯಗಳ ವಿಷಯವೆಂಬ ಆಕ್ಷೇಪ ಅಡಗಿರಲಿಲ್ಲ. 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳೂ, ಅದಕ್ಕಿಂತ ಗಿಡ್ಡವಾದ ಕೆಲವೂ ಇದರ ವ್ಯಾಪ್ತಿಗೆ ಸೇರುತ್ತವೆ. ಮಳೆಗಾಲಕ್ಕೆ ಮುಂಚೆಯೂ ಅನಂತರವೂ ತಪಾಸಣೆ, ಆಪತ್ಕಾಲದ ಕಾರ್ಯಯೋಜನೆ, ಸ್ವತಂತ್ರ ತಜ್ಞರಿಂದ ಸಮಗ್ರ ಪರೀಕ್ಷೆ ಇವು ಕಡ್ಡಾಯ. ಆಜ್ಞೆಯನ್ನು ಉಲ್ಲಂಘಿಸಿ ಪ್ರಾಣಹಾನಿಗೆ ಕಾರಣನಾದವನಿಗೆ ಎರಡು ವರ್ಷಗಳವರೆಗಿನ ಸೆರೆವಾಸವುಂಟು.

ಆದರೆ ತಪಾಸಣೆ ಮಾಡತಕ್ಕವರು ಯಾರು? ಮಳೆಗಾಲದ ಮುಂಚಿನ ನೋಟವನ್ನು ಒಡೆಯನ ಇಂಜಿನಿಯರರೇ ನೋಡುತ್ತಾರೆ. ಅವರ ಮೇಲೆ ಕಣ್ಣಿಡಬೇಕಾದ ರಾಜ್ಯ ಸುರಕ್ಷತಾ ಸಂಸ್ಥೆಯಾದರೋ ಸಾಮಾನ್ಯವಾಗಿ ಅದೇ ಇಲಾಖೆಯ ಮಗ್ಗುಲಲ್ಲಿ ಕುಳಿತಿರುತ್ತದೆ. ಬರೆದವನೇ ತಿದ್ದಿದ ಉತ್ತರಪತ್ರಿಕೆಯಲ್ಲಿ ಎಷ್ಟು ನಂಬಿಕೆಯೋ ಇಲ್ಲಿಯೂ ಅಷ್ಟೇ. ಮುಲ್ಲಪೆರಿಯಾರಿನಂತೆ ಒಂದು ರಾಜ್ಯದ ಅಣೆಕಟ್ಟು ಇನ್ನೊಂದರ ನೆಲದಲ್ಲಿದ್ದರೆ ಆ ಹೊಣೆ ರಾಷ್ಟ್ರೀಯ ಪ್ರಾಧಿಕಾರಕ್ಕೆ ಸೇರತಕ್ಕದ್ದೆಂದು ಕಾಯಿದೆಯೇ ವಿಧಿಸಿರುವುದು, ಹೊರಗಿನ ಕಣ್ಣಿನ ಅಗತ್ಯವನ್ನು ಅದು ಭಾಗಶಃ ಒಪ್ಪಿಕೊಂಡಂತೆಯೇ ಸರಿ. ಆ ಒಪ್ಪಿಗೆಯನ್ನು ಎಲ್ಲ ಅಣೆಕಟ್ಟುಗಳಿಗೂ ವಿಸ್ತರಿಸಬಾರದೇಕೆಂಬುದಕ್ಕೆ ಯೋಗ್ಯ ಉತ್ತರ ನನಗೆ ತೋರದು.

ತುಂಗಭದ್ರೆಯಲ್ಲಿ ಹಳೆಯ ಗೇಟುಗಳ ಭಯದಿಂದಲೇ 2025ರ ಮಳೆಗಾಲದಲ್ಲಿ ಸುಮಾರು 105 ಟಿಎಂಸಿ ಸಾಮರ್ಥ್ಯದ ಜಲಾಶಯದ ಸಂಗ್ರಹವನ್ನು 80 ಟಿಎಂಸಿಗೆ ಮಿತಗೊಳಿಸಲಾಯಿತು. ಆ 25 ಟಿಎಂಸಿಯ ನಷ್ಟವನ್ನು ಕೊಂಡಿಯ ಪರೀಕ್ಷೆಗೆ ತಗಲಬಹುದಾಗಿದ್ದ ವೆಚ್ಚದೊಡನೆ ತೂಗಿ ನೋಡುವವರು ಲೆಕ್ಕಪತ್ರದ ಯಾವ ಕಾಲಂನಲ್ಲಿಯೂ ಕಾಣಸಿಗರು. ಕಾಲುವೆಯ ಕೊನೆಯ ಭಾಗದ ರೈತರು ಮಾತ್ರ ಅದನ್ನು ಬಲ್ಲರು. ತಪಾಸಣಾ ವರದಿಗಳನ್ನು ಅವರೂ ಓದುವಂತೆ ಕನ್ನಡದಲ್ಲಿ ಪ್ರಕಟಿಸಿದರೆ, ದೆಹಲಿಯ ಸಮಿತಿಗಳಿಗಿಂತ ಕಟುವಾದ ಪ್ರಶ್ನೆಗಳು ಅವರಿಂದಲೇ ಬಂದಾವು.