ಹಳೆ ಕಾರಿಗೆ ಹೊಸ ಗುಂಡಿಗೆ: ಓಡೋದು ಖರೆ, ನಿಲ್ಲೋದು ಹೆಂಗ?

ಕನಕಗಿರಿ: ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ಗಾದೆ. ಈ ಗಾದೆ ಹುಟ್ಟಿದಾಗ ಮೋಟಾರು ಗಾಡಿ ಇರಲಿಲ್ಲ. ಇದ್ದಿದ್ದರೆ ಕಾರಿದ್ದವರು ಏನು ನೋಡಬೇಕು ಅನ್ನೋದೂ ಅದರಾಗ ಸೇರ್ತಿತ್ತು. ಅವರು ಮೊದಲು ಬ್ರೇಕು ನೋಡಬೇಕು!

ಮಾತು ತಮಾಷೆಯದಲ್ಲ. ಅಪ್ಪನ ಕಾಲದ ಅಂಬಾಸಿಡರ್, ಮಾವನ ಕಾಲದ ಕಾಂಟೆಸ್ಸಾ ತಾಡಪತ್ರಿ ಹೊದ್ದುಕೊಂಡು ಅಂಗಳದಲ್ಲಿ ನಿಂತ ಮನೆಗಳು ಇನ್ನೂ ಉಂಟು. ಮೈ ಗಟ್ಟಿ, ಸೀಟು ಸೋಫಾದಂಗ, ಆದರೆ ಎಂಜಿನ್ ಮುದಿಯಾಗಿದೆ. ಮನೆಯ ಹುಡುಗರಿಗೆ ಈಗ ಒಂದೇ ಆಸೆ. "ಮೈ ಇದೇ ಇರಲಿ, ಒಳಗ ಮಾತ್ರ ಹೇಳಿ ಮಾಡಿಸಿದ ಭರ್ಜರಿ ಎಂಜಿನ್ ಕೂಡಿಸೋಣ. ಗಂಗಾವತಿ ರಸ್ತೆದಾಗ ಹಾರಿಸೋಣ." ಆಸೆ ತಪ್ಪಲ್ಲ. ಆದರೆ ರೊಕ್ಕ ಎಣಿಸುವ ಮುಂಚೆ ನಾಲ್ಕು ವಿಷಯ ತಿಳಿದಿರಲಿ.

ಕಂಪನಿಯೇ ಮಾಡಿದ ಕೆಲಸ!

ಎಂಜಿನ್ ಬದಲಿ ಹೊಸ ಹುಚ್ಚೇನಲ್ಲ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ ಅದನ್ನು ಮಾಡಿ ತೋರಿಸಿದೆ. ಕಾಂಟೆಸ್ಸಾ ಮಾರುಕಟ್ಟೆಗೆ ಬಂದದ್ದು 1984ರಲ್ಲಿ. ನೋಡಲಿಕ್ಕೆ ರಾಜಠೀವಿ. ಮೂಲದಲ್ಲಿ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಮೈ. ಬಾನೆಟ್ ಎತ್ತಿ ನೋಡಿದರೆ ಒಳಗೆ ಅಂಬಾಸಿಡರಿನದೇ 1489 ಸಿಸಿ ಎಂಜಿನ್, ಶಕ್ತಿ ಸುಮಾರು 50 ಕುದುರೆ. ದೊಡ್ಡ ಬಂಡಿಗೆ ಹೋರಿಗರು ಕಟ್ಟಿದಂಗ. ದಿಬ್ಬ ಬಂದರೆ ಏದುಸಿರು.

ದೂರು ಹೆಚ್ಚಾಯಿತು. 1980ರ ದಶಕ ಮುಗಿಯುವಷ್ಟರಲ್ಲಿ ಕಂಪನಿ ಜಪಾನಿನ ಇಸುಜು ಎಂಜಿನ್ ತಂದು ಕೂಡಿಸಿತು. 1817 ಸಿಸಿ, ಸುಮಾರು 88 ಕುದುರೆ. ಅದೇ ಮೈ, ಶಕ್ತಿ ಮಾತ್ರ ಒಂದೂಮುಕ್ಕಾಲು ಪಟ್ಟು. 1992ರಲ್ಲಿ ಅಂಬಾಸಿಡರಿಗೂ ಇಸುಜು 1.8 ಬಂತು.

ಇಲ್ಲೇ ಪಾಠ ಇರುವುದು. ಕಂಪನಿ ಎಂಜಿನ್ ಒಂದನ್ನೇ ಬದಲಿಸಲಿಲ್ಲ. ಜೊತೆಗೆ ಐದು ಗೇರಿನ ಹೊಸ ಗೇರ್‌ಬಾಕ್ಸನ್ನೂ ಕೊಟ್ಟಿತು. ಎಂಜಿನ್ ತಂದವರು ಅದರ ಸಂಸಾರವನ್ನೂ ತರಬೇಕು.

ಇದನ್ನು ಮರೆತವರು ಏನಾದರು ಅನ್ನೋದಕ್ಕೂ ಉದಾಹರಣೆ ಉಂಟು. 1985ರಲ್ಲಿ ಮದರಾಸಿನಿಂದ ಸ್ಟ್ಯಾಂಡರ್ಡ್ 2000 ಎಂಬ ಕಾರು ಬಂತು. ಮೈ ಇಂಗ್ಲೆಂಡಿನ ರೋವರ್ ಕಂಪನಿಯದು, ಕಣ್ಣು ಕುಕ್ಕುವಂಥದ್ದು. ಎಂಜಿನ್ ಮಾತ್ರ ಹಳೇ ವ್ಯಾನ್‌ಗಾರ್ಡ್ ಕಾಲದ್ದು. ಶ್ರೀಮಂತರು ಬೆಲೆ ಕೊಟ್ಟು ಕೊಂಡರು, ಓಡಿಸಿ ಬೇಸತ್ತರು. ಕೆಲವೇ ವರ್ಷದಲ್ಲಿ ಆ ಕಾರಿನ ಉತ್ಪಾದನೆ ನಿಂತಿತು. ಮೈಗೆ ತಕ್ಕ ಎಂಜಿನ್ ಇರಬೇಕು, ಎಂಜಿನ್ನಿಗೆ ತಕ್ಕ ಮೈಯೂ ಇರಬೇಕು.

ಹೇಳಿ ಮಾಡಿಸುವುದು ಅಂದರೇನು?

ಎಂಜಿನ್ ಹೇಳಿ ಮಾಡಿಸುವುದು ಅಂದರೆ ಹೊಸದಾಗಿ ಎರಕ ಹೊಯ್ಯುವುದಲ್ಲ. ಇದ್ದ ಬ್ಲಾಕನ್ನೇ ಲೇತಿಗೆ ಕೊಟ್ಟು ಸಿಲಿಂಡರ್ ಬೋರ್ ಹೊಡೆಸುತ್ತಾರೆ, ದೊಡ್ಡ ಪಿಸ್ಟನ್ ಹಾಕುತ್ತಾರೆ. ಹೆಡ್ ಸವರಿ ಒತ್ತಡ ಹೆಚ್ಚಿಸುತ್ತಾರೆ. ಕ್ಯಾಮ್ ಶಾಫ್ಟ್ ಬದಲಿಸಿದರೆ ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುತ್ತವೆ. ಒಂದು ಕಾರ್ಬುರೇಟರ್ ಜಾಗದಲ್ಲಿ ಎರಡು ಕೂಡಿಸಿದರೆ ಹೊಟ್ಟೆ ತುಂಬ ಗಾಳಿ, ಪೆಟ್ರೋಲು.

ಒಂದು ಲೆಕ್ಕ ನೋಡ್ರಿ. ಅಂಬಾಸಿಡರಿನ ಹಳೆ ಎಂಜಿನ್ನಿನ ಸಿಲಿಂಡರ್ ಅಗಲ 73 ಮಿಲಿಮೀಟರ್, ಪಿಸ್ಟನ್ ಓಟ ಸುಮಾರು 89 ಮಿಲಿಮೀಟರ್. ಅಗಲವನ್ನು ಒಂದು ಮಿಲಿಮೀಟರ್ ಹೆಚ್ಚಿಸಿದರೆ 1489 ಸಿಸಿ ಇದ್ದದ್ದು ಸುಮಾರು 1530 ಆಗುತ್ತದೆ. ಅಂದರೆ ನೂರಕ್ಕೆ ಮೂರರಷ್ಟೂ ಹೆಚ್ಚಲಿಲ್ಲ. ಬರೇ ಬೋರ್ ಹೊಡೆಸಿ "ರೇಸ್ ಎಂಜಿನ್ ಮಾಡಿಸೀನಿ" ಅನ್ನುವವರ ಮಾತು ನಂಬಬೇಡ್ರಿ. ಶಕ್ತಿ ಬರುವುದು ಹೆಡ್, ಕ್ಯಾಮ್, ಉಸಿರಾಟ ಎಲ್ಲಾ ಹೊಂದಿದಾಗ. ಅದು ಹೊಂದಿಸುವ ಮೇಸ್ತ್ರಿ ಎಲ್ಲಾ ಊರಾಗ ಸಿಗೂದಿಲ್ಲ.

ಇನ್ನೊಂದು ಮಾತು ಪೆಟ್ರೋಲಿನದು. ಹಳೆ ಎಂಜಿನ್ನುಗಳು ಸೀಸ ಬೆರೆತ ಪೆಟ್ರೋಲಿಗೆ ಹುಟ್ಟಿದವು. ದೇಶದಲ್ಲಿ 2000ನೇ ಇಸವಿಗೆ ಸೀಸದ ಪೆಟ್ರೋಲು ನಿಂತಿತು. ವಾಲ್ವು ಕೂಡುವ ಜಾಗ ಸವೆಯದಂತೆ ಕಾಯುತ್ತಿದ್ದುದು ಆ ಸೀಸವೇ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆತದ್ದು. ಹಳೆ ರಬ್ಬರ್ ಪೈಪಿಗೆ, ವಾಷರಿಗೆ ಅದು ಆಗಿಬರುವುದಿಲ್ಲ. ಆದ್ದರಿಂದ ಎಂಜಿನ್ ಬಿಚ್ಚಿದ ಮೇಲೆ ಗಟ್ಟಿ ವಾಲ್ವ್ ಸೀಟು, ಹೊಸ ಪೆಟ್ರೋಲ್ ಪೈಪು ಹಾಕಿಸದೆ ಮುಚ್ಚಬಾರದು.

ತೇರು ಎಳೆದವರು ಸಾವಿರ, ನಿಲ್ಲಿಸುವವರು ನಾಲ್ವರು

ಕನಕಾಚಲಪತಿ ಜಾತ್ರೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಹಗ್ಗ ಹಿಡಿದು ಎಳೆಯಲು ಊರಿಗೆ ಊರೇ ಬರುತ್ತದೆ. ಆದರೆ ತೇರಿನ ಪ್ರಾಣ ಇರುವುದು ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸುವವರ ಕೈಯಲ್ಲಿ. ಅವರ ಕಣ್ಣು ತಪ್ಪಿದರೆ ಎಳೆದವರ ಬಲವೇ ಎಳೆದವರಿಗೆ ಮುಳುವು.

ಕಾರಿನದೂ ಅದೇ ಕಥೆ. ವೇಗ 60ರಿಂದ 90ಕ್ಕೆ ಏರಿದರೆ ಒಂದೂವರೆ ಪಟ್ಟು ಆಯಿತು. ಆದರೆ ಬ್ರೇಕಿನ ಮೇಲೆ ಬೀಳುವ ಕೆಲಸ ಎರಡೂಕಾಲು ಪಟ್ಟು! ಹಳೆ ಅಂಬಾಸಿಡರಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಮೇಲಿಂದ ಮೇಲೆ ಒತ್ತಿದರೆ ಕಾದು ಹಿಡಿತ ಬಿಡುತ್ತದೆ. ರಸ್ತೆದಾಗ ಎದುರಿಗೆ ಟ್ರ್ಯಾಕ್ಟರು, ಕುರಿ ಹಿಂಡು, ಶಾಲೆ ಬಿಟ್ಟ ಮಕ್ಕಳು. ಎಂಜಿನ್ 88 ಕುದುರೆಯದಾಗಿ ಬ್ರೇಕು 50 ಕುದುರೆಯ ಕಾಲದ್ದಾದರೆ ಒಳಗೆ ಕೂತ ಹೆಂಡತಿ ಮಕ್ಕಳ ಗತಿ ಏನು? ಬಸ್ಸಿಗಾಗಿ ರಸ್ತೆ ಬದಿ ನಿಂತವರ ಗತಿ ಏನು?

ಬ್ರೇಕಿನ ನಂತರ ರೇಡಿಯೇಟರ್. ಹೆಚ್ಚು ಶಕ್ತಿ ಅಂದರೆ ಹೆಚ್ಚು ಬಿಸಿ, ಅದರ ಮೇಲೆ ನಮ್ಮ ಕಡೆಯ ಬ್ಯಾಸಗಿ ಬಿಸಿಲು. ಆಮೇಲೆ ಕ್ಲಚ್ ಪ್ಲೇಟು, ಪ್ರೊಪೆಲ್ಲರ್ ಶಾಫ್ಟು, ಹಿಂದಿನ ಹೌಸಿಂಗು. ಡೀಸೆಲ್ ಎಂಜಿನ್ ಕೂಡಿಸಿದರೆ ಮೂತಿ ಭಾರ, ಮುಂದಿನ ಸಸ್ಪೆನ್ಷನ್ನೂ ಬದಲಾಗಬೇಕು. ಎಂಜಿನ್ನಿಗೆ ಎಷ್ಟು ರೊಕ್ಕ ತೆಗೆದಿಟ್ಟರೋ, ಉಳಿದ ಸಾಮಾನಿಗೂ ತೆಗೆದಿಟ್ಟೇ ಕೆಲಸಕ್ಕೆ ಕೈ ಹಾಕಬೇಕು.

ವಿಮಾನದ ಎಂಜಿನ್ ಕೂಡಿಸಿದವ!

ಈ ಹುಚ್ಚಿನ ತುದಿ ಮುಟ್ಟಿದವನು ಇಂಗ್ಲೆಂಡಿನ ಜಾನ್ ಡಾಡ್. 1970ರ ದಶಕದಲ್ಲಿ ಯುದ್ಧವಿಮಾನದ 27 ಲೀಟರ್ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನನ್ನು ಕಾರಿನಲ್ಲಿ ಕೂಡಿಸಿ ರಸ್ತೆಗಿಳಿದ. ಅಂಬಾಸಿಡರಿನ ಹದಿನೆಂಟು ಎಂಜಿನ್ ಸೇರಿದರೆ ಅದೊಂದು! ಡಾಡ್ ಮೂಲತಃ ಗೇರ್‌ಬಾಕ್ಸ್ ಪರಿಣತ. ಅಷ್ಟು ಬಲ ತಡೆಯುವ ಗೇರ್‌ಬಾಕ್ಸ್ ಮಾಡುವ ಕೈ ಇದ್ದುದರಿಂದಲೇ ಗಾಡಿ ಓಡಿತು. ಸಿಕ್ಕಿಬಿದ್ದದ್ದು ಬೇರೆ ಕಡೆ. ಮುಂದುಗಡೆ ರೋಲ್ಸ್ ರಾಯ್ಸ್ ಜಾಲರಿ ಹಾಕಿದ್ದಕ್ಕೆ ಕಂಪನಿ ಕೋರ್ಟಿಗೆಳೆಯಿತು, ಡಾಡ್ ಸೋತ. ಮೇಸ್ತ್ರಿ ಗೆದ್ದರೂ ಕಾಗದ ಸೋಲಿಸೀತು!

ಕಾಗದ ಏನು ಹೇಳುತ್ತದೆ?

ನಮ್ಮಲ್ಲೂ ಕಾಗದದ ಕಾಟವೇ ದೊಡ್ಡದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಗ್ಯಾಸ್, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಒಪ್ಪಿಗೆ ಪಡೆದ ಕಿಟ್ ಹಾಕಿಸಲು ಷರತ್ತಿನ ದಾರಿ ಉಂಟು.

"ಬಸ್ ಡಿಪೋದಾಗ ಎಂಜಿನ್ ಇಳಿಸಿ ಏರಿಸ್ತಾರಲ್ರಿ?" ಅಂತ ಯಾರಾದರೂ ಕೇಳಬಹುದು. ಹತ್ತಕ್ಕಿಂತ ಕಡಿಮೆ ಇಲ್ಲದಷ್ಟು ಸಾರಿಗೆ ವಾಹನ ಇದ್ದವರಿಗೆ ಸರ್ಕಾರ ಆ ರಿಯಾಯಿತಿ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ಅದೂ ಅದೇ ಕಂಪನಿಯ, ಅದೇ ನಮೂನೆಯ ಎಂಜಿನ್ ಆದರೆ ಮಾತ್ರ. ಮನೆ ಕಾರಿಗೆ ಅದು ಅನ್ವಯಿಸದು.

ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರು ಇರುತ್ತದೆ. ಗುಜರಿಯಿಂದ ಬಿಲ್ಲಿಲ್ಲದೆ ತಂದ ಎಂಜಿನ್ ಕಳುವಿನದಾದರೆ ಪೊಲೀಸರಿಗೆ ಉತ್ತರ ಕೊಡಬೇಕಾದವನು ಗಾಡಿ ಮಾಲೀಕ. ನಂಬರು ಹೊಂದದ ಗಾಡಿ ಅಪಘಾತವಾದರೆ ವಿಮೆ ಕಂಪನಿ ತಕರಾರು ಎತ್ತದೆ ಬಿಡುವುದಿಲ್ಲ. ಆದ್ದರಿಂದ ಮೊದಲು ಆರ್‌ಟಿಓ ಆಫೀಸು, ಆಮೇಲೆ ಗ್ಯಾರೇಜು.

50 ವರ್ಷ ಕಾದವನಿಗೆ ಮರ್ಯಾದೆ

ಕೊನೆಗೊಂದು ಲಾಭದ ಮಾತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಎಂಜಿನ್ ಮಾರ್ಪಾಡು ಆಗಿರಬಾರದು. ಅಂಥ ಗಾಡಿಗೆ "ವಿಎ" ಅಕ್ಷರದ ವಿಶೇಷ ನಂಬರು. ದಿನನಿತ್ಯ ಓಡಿಸಲು, ಬಾಡಿಗೆಗೆ ಬಿಡಲು ಆಗದು. ಪ್ರದರ್ಶನ, ರ್‍ಯಾಲಿಗೆ ಮಾತ್ರ. ಧರ್ಮಸ್ಥಳದ ಕಾರು ಸಂಗ್ರಹ ನೋಡಿ ಬಂದವರಿಗೆ ಹಳೆ ಗಾಡಿಯ ಮರ್ಯಾದೆ ಎಂಥದ್ದು ಗೊತ್ತು.

1984ರ ಕಾಂಟೆಸ್ಸಾಕ್ಕೆ 2034ರಲ್ಲಿ 50 ತುಂಬುತ್ತದೆ. ಇಂದು ಅದರ ಹೊಟ್ಟೆಗೆ ಬೇರೆ ಎಂಜಿನ್ ತುರುಕಿದರೆ ಆ ದಿನ ಆ ಮರ್ಯಾದೆ ಸಿಗುವುದಿಲ್ಲ. ಕಾಂಟೆಸ್ಸಾ ತಯಾರಿಕೆ 2002ಕ್ಕೆ, ಅಂಬಾಸಿಡರ್ 2014ಕ್ಕೆ ನಿಂತಾಗಿದೆ. ಕೆಡಿಸಿದ್ದನ್ನು ಮತ್ತೆ ಕೊಳ್ಳಲು ಅಂಗಡಿ ಇಲ್ಲ.

ಹಾಗಾದರೆ ಹುಡುಗರ ಆಸೆ? ಇದ್ದ ಎಂಜಿನ್ನನ್ನೇ ಒಳ್ಳೆ ಮೇಸ್ತ್ರಿಯಿಂದ ಪೂರಾ ಬಿಚ್ಚಿಸಿ, ಹೊಸ ರಿಂಗು, ಬೇರಿಂಗು, ವಾಲ್ವು ಹಾಕಿಸಿ, ಬ್ರೇಕು ಸರಿಪಡಿಸಿ ಓಡಿಸಲಿ. ಅದು ಹಾರುವುದಿಲ್ಲ, ಗಂಗಾವತಿಗೆ ಹತ್ತು ನಿಮಿಷ ತಡವಾಗಿ ಮುಟ್ಟುತ್ತದೆ. ಮುಟ್ಟೂದಂತೂ ಖಾತ್ರಿ.