‘ಮಾಲ್ಗುಡಿ’ಯ ಮರೆತ ನಗು: ಚಿನ್ನದ ಗಣಿ ನಾಡಿನಿಂದ ಒಂದು ನೋಟ

‘ಮಾಲ್ಗುಡಿ ಡೇಸ್’ ಎಂದೊಡನೆ ನೆನಪಾಗುವುದು ಮಾಸ್ಟರ್ ಮಂಜುನಾಥ್ ಅಭಿನಯದ ಸ್ವಾಮಿ, ಎಲ್. ವೈದ್ಯನಾಥನ್ ಸಂಗೀತ ಹಾಗೂ ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಈ ಧಾರಾವಾಹಿ 1986ರಲ್ಲಿ ದೂರದರ್ಶನದಲ್ಲಿ ಆರಂಭವಾಯಿತು. 2006ರಲ್ಲಿ ಕವಿತಾ ಲಂಕೇಶ್ ಅದನ್ನು ಮುಂದುವರಿಸಿದರು. ಆದರೆ ಸ್ವಾಮಿಯ ಜನಪ್ರಿಯತೆಯ ನೆರಳಿನಲ್ಲಿ ಆರ್.ಕೆ. ನಾರಾಯಣ್ ಅವರ ಬಿಡಿ ಕಥೆಗಳನ್ನು ಆಧರಿಸಿದ ಕೆಲವು ಅಪ್ಪಟ ಹಾಸ್ಯದ ಕಂತುಗಳು ಮರೆಗೆ ಸರಿದಿವೆ.

ಆಂಧ್ರದ ಗಡಿಗೆ ಸಮೀಪದ ಕ್ಯಾಸಂಬಳ್ಳಿ, ಬಂಗಾರಪೇಟೆ, ಕೆ.ಜಿ.ಎಫ್. ಪ್ರದೇಶದಲ್ಲಿ ನಿಂತು ನೋಡಿದರೆ ಅಂತಹ ಮೂರು ಕಥೆಗಳು ಇಲ್ಲಿಯವೇ ಎನ್ನಿಸುತ್ತವೆ.

ಎರಡು ಭಾಷೆ, ಒಂದು ವ್ಯಾಪಾರ

ಮೊದಲನೆಯದು ‘ಎ ಹಾರ್ಸ್ ಅಂಡ್ ಟೂ ಗೋಟ್ಸ್’. ಎರಡೇ ಮೇಕೆ ಉಳಿಸಿಕೊಂಡಿರುವ ಬಡ ಮುದುಕ ಮುನಿ, ಊರಾಚೆಯ ಮಣ್ಣಿನ ಕುದುರೆಯ ನೆರಳಿನಲ್ಲಿ ಕುಳಿತಿರುತ್ತಾನೆ. ಅಲ್ಲಿಗೆ ಬಂದ ಅಮೆರಿಕನ್ನನಿಗೆ ಕುದುರೆ ಬೇಕು. ಮುನಿಯೋ, ಈತ ಮೇಕೆಗಳಿಗೆ ಬೆಲೆ ಕೊಡುತ್ತಿದ್ದಾನೆಂದು ಭಾವಿಸುತ್ತಾನೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆಯೇ ನೂರು ರೂಪಾಯಿಗೆ ವ್ಯಾಪಾರ ಕುದುರುತ್ತದೆ. ರಾತ್ರಿ ಮೇಕೆಗಳು ಮನೆಗೆ ಮರಳಿದಾಗ, ಗಂಡ ಹಣವನ್ನು ಕದ್ದಿರಬೇಕೆಂದು ಹೆಂಡತಿ ಶಂಕಿಸುತ್ತಾಳೆ. ಕನ್ನಡ, ತೆಲುಗು, ತಮಿಳು ಒಂದೇ ಸಂತೆಯಲ್ಲಿ ಬೆರೆಯುವ ಈ ಸೀಮೆಯಲ್ಲಿ ಇಂತಹ ಎಡವಟ್ಟನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಬಹುಮಾನವೇ ಭಾರ

ಎರಡನೆಯದು ‘ಎಂಜಿನ್ ಟ್ರಬಲ್’. ಊರಿಗೆ ಬಂದ ಪ್ರದರ್ಶನದಲ್ಲಿ ಒಬ್ಬನಿಗೆ ಬಹುಮಾನವಾಗಿ ರಸ್ತೆ ಒತ್ತುವ ಎಂಜಿನ್ ದೊರೆಯುತ್ತದೆ. ಇಡಲು ಜಾಗವಿಲ್ಲ, ಕೊಳ್ಳುವವರಿಲ್ಲ. ಮೈದಾನದಲ್ಲಿ ನಿಲ್ಲಿಸಿದ್ದಕ್ಕೆ ಪುರಸಭೆಯು ಬಾಡಿಗೆ ಕೇಳುತ್ತದೆ. ದೇವಸ್ಥಾನದ ಆನೆಯನ್ನು ಕಟ್ಟಿ ಎಳೆಸಲು ಹೋದರೆ ಯಾರದೋ ಕಾಂಪೌಂಡ್ ಗೋಡೆ ಉರುಳುತ್ತದೆ. ಕಡೆಗೆ ಭೂಕಂಪವೊಂದು ಎಂಜಿನ್ನನ್ನು ಪಾಳುಬಾವಿಗೆ ತಳ್ಳುತ್ತದೆ. ಬಾವಿ ಮುಚ್ಚಿಸಬೇಕೆಂಬ ನೋಟಿಸಿನಿಂದ ಕಂಗೆಟ್ಟಿದ್ದ ಮಾಲೀಕನಿಗೆ ಅದೇ ವರವಾಗುತ್ತದೆ!

ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ, ಕೆಲಸವಿಲ್ಲದೆ ನಿಂತ ಗಣಿಯ ಭಾರೀ ಯಂತ್ರಗಳನ್ನು ಕಂಡ ಜನರಿಗೆ ಈ ಕಥೆಯ ನಗು ತುಸು ಕಹಿಯಾಗಿಯೇ ಇಳಿದೀತು. ಯಂತ್ರದ ಬೆಲೆ ಇರುವುದು ಅದಕ್ಕೆ ಕೆಲಸ ಇರುವವರೆಗೆ ಮಾತ್ರ.

ಒಡೆಯದ ಲಕೋಟೆ

ಮೂರನೆಯದು ‘ಗೇಟ್‌ಮ್ಯಾನ್ಸ್ ಗಿಫ್ಟ್’. ನಿವೃತ್ತ ಕಾವಲುಗಾರ ಗೋವಿಂದ ಸಿಂಗ್ ಮಣ್ಣಿನ ಬೊಂಬೆಗಳನ್ನು ಮಾಡಿ ಕಂಪನಿಯ ದೊರೆಗೆ ಕೊಡುತ್ತಾನೆ. ಒಂದು ದಿನ ರಿಜಿಸ್ಟರ್ಡ್ ಪತ್ರ ಬರುತ್ತದೆ. ಪಿಂಚಣಿಗೇ ಕುತ್ತು ಬಂತೆಂಬ ಹೆದರಿಕೆಯಿಂದ ಆತ ಅದನ್ನು ಒಡೆಯುವುದೇ ಇಲ್ಲ. ಒಡೆಯದೆ ಓದಿಸಲು ಎಕ್ಸ್‌ರೇ ಕೊಠಡಿಯವರೆಗೂ ಹೋಗುತ್ತಾನೆ. ಊರವರು ಹುಚ್ಚನೆನ್ನುತ್ತಾರೆ. ಕೊನೆಗೆ ಲಕೋಟೆಯಿಂದ ಹೊರಬರುವುದು ಮೆಚ್ಚುಗೆಯ ಮಾತು, ಜೊತೆಗೆ ನೂರು ರೂಪಾಯಿಯ ಚೆಕ್.

ಕಂಪನಿಯ ಕಾಗದವೆಂದರೆ ಕಾರ್ಮಿಕನ ಎದೆ ಏಕೆ ನಡುಗುತ್ತದೆ ಎಂಬುದನ್ನು ಗಣಿ ಮುಚ್ಚಿದ ನಂತರ ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಕಾದ ಕುಟುಂಬಗಳು ಬಲ್ಲವು.

ನಗು ಯಾರ ಮೇಲೆ?

ಇಂದಿನ ಅನೇಕ ಹಾಸ್ಯ ಕಾರ್ಯಕ್ರಮಗಳಲ್ಲಿ ಬಣ್ಣ, ದೇಹದ ಗಾತ್ರ, ಮಾತಿನ ಧಾಟಿಗಳೇ ನಗೆಯ ಸರಕು. ಈ ಮೂರು ಕಥೆಗಳಲ್ಲಿ ಯಾರೂ ಪೆದ್ದರಲ್ಲ. ಮುನಿಯ ಲೆಕ್ಕ ಅವನಿಗೆ ಸರಿ, ಅಮೆರಿಕನ್ನನದು ಅವನಿಗೆ ಸರಿ. ಎರಡೂ ಸಂಧಿಸದ ಜಾಗದಲ್ಲಿ ನಗು ಹುಟ್ಟುತ್ತದೆ. ಗೋವಿಂದ ಸಿಂಗನ ಭಯವೂ ಅಕಾರಣವಲ್ಲ, ಇಡೀ ಬದುಕು ಗೇಟಿನ ಬಳಿ ಸಲಾಮು ಹೊಡೆದವನ ಭಯ ಅದು.

ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ, ದೂರದರ್ಶನದಲ್ಲಿ ಬಹುಪಾಲು ಕೇಳಿಸಿದ್ದು ಹಿಂದಿ. ಆದರೂ ಕನ್ನಡಿಗರಿಗೆ ಮಾಲ್ಗುಡಿ ಪರಊರು ಎನ್ನಿಸಲಿಲ್ಲ. ಮುಂದೊಮ್ಮೆ ಈ ಧಾರಾವಾಹಿಯನ್ನು ನೋಡುವಾಗ ಸ್ವಾಮಿಯನ್ನು ದಾಟಿ ಈ ಮೂವರ ಬಳಿಗೂ ಹೋಗಿಬರಬಹುದು.