ನಿಮಗಿದು ಗೊತ್ತೆ? ಫ್ರಾಂಕ್ಲಿನ್ ಅವರ ಕಪ್ಪುಚುಕ್ಕೆ ಪುಸ್ತಕ
ಅಮೆರಿಕದ ಮುದ್ರಕ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ (1706–1790) ತಮ್ಮನ್ನು ತಾವೇ ತಿದ್ದಿಕೊಳ್ಳಲು ಯೌವನದಲ್ಲೇ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡಿದ್ದರು. ಕೆಂಪು ಶಾಯಿಯಲ್ಲಿ ಚೌಕಗಳನ್ನು ಗೀಚಿ, ಮಿತಾಹಾರ, ಮೌನ, ವಿನಯ ಮೊದಲಾದ 13 ಗುಣಗಳನ್ನು ಒಂದು ಬದಿಗೆ, ವಾರದ 7 ದಿನಗಳನ್ನು ಮೇಲೆ ಬರೆದಿದ್ದರು. ರಾತ್ರಿ ದಿನವನ್ನೆಲ್ಲ ನೆನೆದು, ತಪ್ಪಿದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದರು. ವಾರಕ್ಕೊಂದು ಗುಣದ ಮೇಲೆ ಹೆಚ್ಚು ನಿಗಾ. 13 ವಾರಕ್ಕೆ ಒಂದು ಸುತ್ತು. ಹೊಸ ಸುತ್ತಿಗಾಗಿ ಹಳೆಯ ಚುಕ್ಕೆ ಕೆರೆದು ಕೆರೆದು ಹಾಳೆ ತೂತುಬಿದ್ದಾಗ, ದಂತದ ಹಾಳೆಯ ಮೇಲೆ ಪೆನ್ಸಿಲ್‌ನಿಂದ ಗುರುತಿಟ್ಟು ಒದ್ದೆ ಸ್ಪಂಜಿನಿಂದ ಒರೆಸತೊಡಗಿದರು. ಎಣಿಸಿದ್ದಕ್ಕಿಂತ ಹೆಚ್ಚು ದೋಷಗಳು ತಮ್ಮಲ್ಲಿದ್ದುದನ್ನು ಅವರು ಆತ್ಮಚರಿತ್ರೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಆ ದಿಟ್ಟತನ ನಿಜಕ್ಕೂ ದೊಡ್ಡದು. ಚುಕ್ಕೆಗಳು ಕಡಿಮೆಯಾಗುತ್ತ ಬಂದದ್ದು ಅವರಿಗೆ ತೃಪ್ತಿ ಕೊಟ್ಟಿತು. ಎಲ್ಲಕ್ಕಿಂತ ಹೆಚ್ಚು ಕಾಡಿದ ಗುಣ ಮಾತ್ರ ಅಚ್ಚುಕಟ್ಟುತನ.